ಹಳೆಯ ಮನೆಗೆ ಹೊಸ ವೈರಿಂಗ್: ಉಳಿತಾಯ ಎಲ್ಲಿ, ಖರ್ಚು ಎಲ್ಲಿ?

ಕಳೆದ ಮುಂಗಾರಿನಲ್ಲಿ ನಮ್ಮ ಮನೆಯ ಎಮ್ಮೆ ಎರಡು ದಿನ ನೀರು ಕುಡಿಯಲಿಲ್ಲ. ಹಾಲು ಇಳಿಯಿತು. ಅಂಗಳದಲ್ಲಿ ಕಟ್ಟಿದರೆ ಬಕೆಟ್ಟಿನ ನೀರನ್ನು ಒಂದೇ ಉಸಿರಿಗೆ ಕುಡಿಯುತ್ತಿತ್ತು. ಕೊಟ್ಟಿಗೆಗೆ ತಂದು ಕಬ್ಬಿಣದ ದೋಣಿಯ ಮುಂದೆ ಕಟ್ಟಿದರೆ ಮೂತಿ ಹಚ್ಚಿ, ಥಟ್ಟನೆ ತಲೆ ಎತ್ತಿ ಹಿಂದೆ ಸರಿಯುತ್ತಿತ್ತು. “ಯಾರದರ ಕಣ್ಣ ಬಿದ್ದೈತಿ” ಎಂದು ಅವ್ವ ದೃಷ್ಟಿ ತೆಗೆದಳು. ದನದ ಡಾಕ್ಟರು ಬಂದು ಜ್ವರ ನೋಡಿದರು, ಬಾಯಿ ನೋಡಿದರು, ಏನೂ ಇಲ್ಲ. ಕೊನೆಗೆ ಅವರೇ ತಗಡಿನ ಚಪ್ಪರಕ್ಕೆ ಆಸರೆ ಕೊಟ್ಟ ಕಬ್ಬಿಣದ ಕಂಬದ ಕಡೆ ಕೈ ಮಾಡಿ, “ಇದಕ್ಕ ಕರೆಂಟ್ ಇಳದೈತೇನ್ರಿ, ಮೊದಲ ಅದನ್ನ ನೋಡ್ರಿ” ಅಂದರು. ಟೆಸ್ಟರ್ ಹಚ್ಚಿದರೆ ದೀಪ ಹತ್ತಿತು.

ಕೊಟ್ಟಿಗೆಯ ಬಲ್ಬಿಗೆ ಹೋಗುವ ಹಳೆಯ ತಂತಿಯ ರಬ್ಬರು ಬಿರಿದು, ತಾಮ್ರವು ಕಂಬಕ್ಕೆ ತಾಗಿತ್ತು. ಕಂಬಕ್ಕೆ ಸರಪಳಿ, ಸರಪಳಿಗೆ ದೋಣಿ. ಚಪ್ಪಲಿ ಹಾಕಿಕೊಂಡು ಓಡಾಡುತ್ತಿದ್ದ ನಮಗೆ ಏನೂ ತಿಳಿದಿರಲಿಲ್ಲ. ಗಂಜಲದಲ್ಲಿ ನೆನೆದ ನಾಲ್ಕು ಕಾಲಿನ ಮೇಲೆ ನಿಂತು, ಹಸಿ ಮೂತಿಯನ್ನು ಕಬ್ಬಿಣಕ್ಕೆ ಹಚ್ಚುವ ಎಮ್ಮೆಗೆ ತಿಳಿಯಿತು. ಮನುಷ್ಯರಿಗಿಂತ ದನಗಳಿಗೆ ಸಣ್ಣ ಕರೆಂಟೂ ಬೇಗ ತಾಗುತ್ತದೆ. ರೈತ ಬಾಂಧವರು ಇದೊಂದು ಗುರುತು ಇಟ್ಟುಕೊಳ್ಳಬೇಕು: ಆರೋಗ್ಯವಾಗಿರುವ ದನ ಒಂದು ಜಾಗದಲ್ಲಿ ಮಾತ್ರ ನೀರು ಮೇವು ಬಿಟ್ಟು ಹಿಂಜರಿದರೆ, ಔಷಧಿಗಿಂತ ಮುಂಚೆ ಕೊಟ್ಟಿಗೆಯ ಕರೆಂಟು ತೆಗೆದು ನೋಡಬೇಕು.

ಅದೇ ದಿನ ಇಡೀ ಮನೆಯ ವೈರಿಂಗನ್ನು ತೆಗೆದು ಹೊಸದು ಹಾಕಬೇಕೆಂದು ನಿರ್ಧರಿಸಿದೆವು. ಕೈಯಲ್ಲಿ ಹಣ ಇರಲಿಲ್ಲ. ತೊಗರಿ ಬಿತ್ತಿ ಆಗಿತ್ತು, ರಾಶಿಗೆ ಇನ್ನೂ ಐದಾರು ತಿಂಗಳು ಇತ್ತು. ಹಾಗಾಗಿ ಯಾವುದನ್ನು ನಮ್ಮ ಕೈಯಿಂದ ಮಾಡಬಹುದು, ಯಾವುದಕ್ಕೆ ಹಣ ಕೊಡಲೇಬೇಕು ಎಂಬ ಲೆಕ್ಕ ಹಾಕಬೇಕಾಯಿತು. ಆ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎರಡು ತಂತಿಯ ಕಾಲದ ಮನೆಗಳು

ಮುದ್ದೇಬಿಹಾಳ, ತಾಳಿಕೋಟಿ, ನಾಲತವಾಡ ಕಡೆಯ ಹಳೆಯ ಮನೆಗಳನ್ನು ಓದುಗರು ಬಲ್ಲರು. ಎರಡು ಮೂರು ಅಡಿ ದಪ್ಪದ ಕಲ್ಲು ಮಣ್ಣಿನ ಗೋಡೆ, ಮೇಲೆ ತೊಲೆ, ಜಂತೆ, ಅದರ ಮೇಲೆ ಮಣ್ಣಿನ ಮಾಳಿಗೆ, ನಡುವೆ ಬೆಳಕಿಂಡಿ. ಇಂಥ ಮನೆಗಳಿಗೆ ವಿದ್ಯುತ್ ಮಂಡಳಿಯ ಕಾಲದಲ್ಲಿ, ಅಂದರೆ 1957ರಿಂದ 1999ರ ನಡುವೆ, ಕರೆಂಟು ಬಂದಾಗ ಹಾಕಿದ್ದು ಮರದ ಪಟ್ಟಿಯ ಮೇಲಿನ ಬ್ಯಾಟನ್ ವೈರಿಂಗ್, ಇಲ್ಲವೆ ಪಿಂಗಾಣಿ ಕ್ಲೀಟಿನ ವೈರಿಂಗ್. ಆಗ ಬೇಕಾದದ್ದು ಪಡಸಾಲೆಗೊಂದು, ಅಡಿಗೆಮನೆಗೊಂದು ಬಲ್ಬು. ಭಾಗ್ಯಜ್ಯೋತಿಯಲ್ಲಂತೂ ಮನೆಗೆ ಒಂದೇ ಬಲ್ಬು. ಬಹಳ ಮನೆಗಳಲ್ಲಿ ಬಲ್ಬಿನವರೆಗೆ ಹೋದದ್ದು ಎರಡೇ ತಂತಿ, ಫೇಸ್ ಮತ್ತು ನ್ಯೂಟ್ರಲ್. ಅರ್ಥಿಂಗಿನ ಮೂರನೆಯ ತಂತಿಯನ್ನು ಯಾರೂ ಎಳೆಯಲಿಲ್ಲ.

ಈಗ ಅದೇ ತಂತಿಯ ಮೇಲೆ ನಾವು ಏನೇನು ಹೇರಿದ್ದೇವೆ ನೋಡಿ. ನಮ್ಮ ಮನೆಯಲ್ಲಿ ನೀರು ಕಾಯಿಸುವ ರಾಡು 1500 ವ್ಯಾಟ್, ಇಸ್ತ್ರಿ ಪೆಟ್ಟಿಗೆ 1000, ಮಿಕ್ಸರ್ 500, ಫ್ರಿಜ್ 150, ಟಿ.ವಿ. 100, ಮೂರು ಫ್ಯಾನಿಗೆ 225, ಎಂಟು ಎಲ್‌ಇಡಿ ಬಲ್ಬಿಗೆ 72. ಕೂಡಿಸಿದರೆ 3547 ವ್ಯಾಟ್. 230 ವೋಲ್ಟಿನಿಂದ ಭಾಗಿಸಿದರೆ ಎಲ್ಲ ಒಮ್ಮೆಗೇ ನಡೆದಾಗ ಹದಿನೈದೂವರೆ ಆಂಪಿಯರಿನಷ್ಟು ಕರೆಂಟು ಹರಿಯುತ್ತದೆ. ರಾಡು ಒಂದೇ ಆರೂವರೆ ಆಂಪಿಯರ್ ಎಳೆಯುತ್ತದೆ. ಅದನ್ನು ನಾವು ವರ್ಷಗಟ್ಟಲೆ 6 ಆಂಪಿಯರಿನ ಸಣ್ಣ ಪ್ಲಗ್ಗಿಗೆ ಹಚ್ಚುತ್ತಿದ್ದೆವು. ಪ್ಲಗ್ಗು ಕಂದು ಬಣ್ಣಕ್ಕೆ ತಿರುಗಿ, ಸುಟ್ಟ ವಾಸನೆ ಬಂದಾಗ ಬೇರೆ ಪ್ಲಗ್ಗು ತಂದು ಹಾಕುತ್ತಿದ್ದೆವು. ಒಳಗಿನ ತಂತಿ ಬೇಯುತ್ತಿದೆ ಎಂಬ ವಿಚಾರ ಮಾಡಲಿಲ್ಲ. ಮಗ್ಗುಲ ಕೋಣೆಯಲ್ಲಿ ಹತ್ತಿ ಒಟ್ಟಿರುತ್ತಿತ್ತು!

ಆಲಮಟ್ಟಿಯ ಅಣೆಕಟ್ಟಿನ ಕೆಳಗೆ 290 ಮೆಗಾವ್ಯಾಟ್, ಕೂಡಗಿಯ ಉಷ್ಣ ಸ್ಥಾವರದಲ್ಲಿ 2400 ಮೆಗಾವ್ಯಾಟ್ ವಿದ್ಯುತ್ತು ತಯಾರಿಸುವ ಸಾಮರ್ಥ್ಯ ನಮ್ಮ ಜಿಲ್ಲೆಯಲ್ಲೇ ಇದೆ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಬಿಲ್ಲಿನ ಭಾರವೂ ಕಡಿಮೆಯಾಯಿತು. ಬಿಲ್ಲು ಕಡಿಮೆಯಾದರೆ ಬಳಕೆ ಹೆಚ್ಚುವುದು ಸಹಜ. ತಂತಿ ಮಾತ್ರ ಹಳೆಯದೇ.

ಕಾನೂನು ಏನು ಹೇಳುತ್ತದೆ

ಮನೆ ನಮ್ಮದು, ಕೈ ನಮ್ಮದು, ಯಾರನ್ನು ಕೇಳಬೇಕು ಎನ್ನುವವರಿದ್ದಾರೆ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿ 45ನೆಯದು ಇದಕ್ಕೆ ಗೆರೆ ಎಳೆದಿತ್ತು. ಅವುಗಳ ಜಾಗಕ್ಕೆ ಬಂದ 2010ರ ಹಾಗೂ 2023ರ ಸುರಕ್ಷತಾ ನಿಯಮಗಳಲ್ಲೂ ಆ ಗೆರೆ ಉಳಿದಿದೆ. ಬಲ್ಬು, ಫ್ಯಾನು, ಫ್ಯೂಜು, ಸ್ವಿಚ್ಚು ಇವನ್ನು ಇದ್ದ ಅಳತೆಯಲ್ಲೇ ಬದಲಿಸಲು ಮನೆಯವರಿಗೆ ಅಡ್ಡಿಯಿಲ್ಲ. ಹೊಸ ವೈರಿಂಗ್, ಹೆಚ್ಚುವರಿ ಪಾಯಿಂಟು, ಬದಲಾವಣೆ ಇವೆಲ್ಲ ಸರಕಾರದ ಪರವಾನಿಗೆ ಇರುವ ಗುತ್ತಿಗೆದಾರರ ಮೂಲಕ, ಪ್ರಮಾಣಪತ್ರ ಇರುವವರ ಕಣ್ಣೆದುರಿಗೆ ಆಗಬೇಕು.

ಇದರಿಂದ ನಿರಾಶರಾಗಬೇಕಿಲ್ಲ. ವೈರಿಂಗ್ ಕೆಲಸದಲ್ಲಿ ಕರೆಂಟಿಗೆ ಸಂಬಂಧವೇ ಇಲ್ಲದ ಕೂಲಿ ಬಹಳ ಇದೆ: ಗುಂಡಿ ತೋಡುವುದು, ಗೋಡೆಗೆ ಗೂಟ ಬಡಿಯುವುದು, ಕೊಳವೆ ಕೂಡ್ರಿಸುವುದು, ಬೋರ್ಡಿನ ಪೆಟ್ಟಿಗೆ ಹಚ್ಚುವುದು, ಹಳೆಯ ಪಟ್ಟಿ ಕಳಚುವುದು. ನಾವು ಪರವಾನಿಗೆ ಇರುವ ಒಬ್ಬರನ್ನು ಕಂಡು, “ಅಣ್ಣಾರ, ಮೈಮುರಿ ಕೆಲಸ ಎಲ್ಲಾ ನಮ್ದು, ಗುರುತು ಹಾಕೂದು, ತಂತಿ ಜೋಡಸೂದು, ಪರೀಕ್ಷೆ ಮಾಡೂದು ನಿಮ್ದು” ಎಂದು ಮಾತಾಡಿಕೊಂಡೆವು. ಅವರು ಮೊದಲ ದಿನ ಬಂದು ಸುಣ್ಣದ ಕಡ್ಡಿಯಿಂದ ಗೋಡೆಗೆ ಗೆರೆ ಎಳೆದು ಹೋದರು. ನಡುವೆ ಒಮ್ಮೆ ಬಂದು ನೋಡಿದರು. ಕೊನೆಗೆ ಎರಡು ದಿನ ಕೂತು ಜೋಡಿಸಿದರು. ಕೂಲಿಯ ದೊಡ್ಡ ಪಾಲು ಇಲ್ಲಿ ಉಳಿಯಿತು. ಕೆಲಸ ಮುಗಿದ ವರದಿಗೆ ಅವರ ಸಹಿಯೂ ಸಿಕ್ಕಿತು. ಲೋಡು ಹೆಚ್ಚಿಸಿಕೊಳ್ಳಲು ಹೆಸ್ಕಾಂ ಶಾಖೆಗೆ ಅರ್ಜಿ ಕೊಡುವಾಗ ಅದು ಬೇಕಾಗುತ್ತದೆ.

ಮೀಟರು, ಅದರ ಸೀಲು, ಅದರ ಹಿಂದಿನ ತಂತಿ ಇವು ಹೆಸ್ಕಾಂನವು. ಅವುಗಳ ಗೊಡವೆಗೆ ಹೋಗಬಾರದು. ಕಂಬದಿಂದ ಬರುವ ಸರ್ವಿಸ್ ತಂತಿ ಜೋತುಬಿದ್ದಿದ್ದರೆ, ಮೈ ಸವೆದಿದ್ದರೆ 1912ಕ್ಕೆ ಫೋನ್ ಮಾಡಿ ಹೇಳಬೇಕು.

ಮೊದಲ ಕೆಲಸ ನೆಲದಲ್ಲಿ

ಹಣ ಕಡಿಮೆ ಇದ್ದವರು ಚೆಂದದ ಸ್ವಿಚ್ಚುಗಳಿಂದ ಸುರುಮಾಡುತ್ತಾರೆ. ಸುರುಮಾಡಬೇಕಾದದ್ದು ಅರ್ಥಿಂಗ್ ಗುಂಡಿಯಿಂದ. ಇದರಲ್ಲಿ ಹಣಕ್ಕಿಂತ ರಟ್ಟೆಯ ಕೆಲಸವೇ ಹೆಚ್ಚು.

ಗೋಡೆಯಿಂದ ಕನಿಷ್ಠ ಒಂದೂವರೆ ಮೀಟರು, ಅಂದರೆ ಐದಡಿ ದೂರದಲ್ಲಿ, ಬಚ್ಚಲ ನೀರು ಹರಿದು ಹೋಗುವ ಕಡೆ ಜಾಗ ಆರಿಸಿಕೊಂಡೆವು. ದನ ನಿಲ್ಲುವ, ಹಾಯುವ ಜಾಗದಲ್ಲಿ ಈ ಗುಂಡಿ ಕೂಡದು. ದೋಷವಾದ ಹೊತ್ತಿನಲ್ಲಿ ಗುಂಡಿಯ ಸುತ್ತಲ ನೆಲದಲ್ಲೂ ಕರೆಂಟು ಹರಡುತ್ತದೆ, ಮುಂಗಾಲು ಹಿಂಗಾಲುಗಳ ಅಂತರ ಹೆಚ್ಚಿರುವ ದನಕ್ಕೆ ಅದು ಅಪಾಯ. ಎರಡೂವರೆ ಮೀಟರು ಉದ್ದದ, 40 ಮಿ.ಮೀ. ಜಿ.ಐ. ಪೈಪಿಗೆ ಅಲ್ಲಲ್ಲಿ ರಂಧ್ರ ಹಾಕಿಸಿ, ನೆಟ್ಟಗೆ ಇಳಿಸಿ, ಸುತ್ತಲೂ ಇದ್ದಿಲು ಒಂದು ಪದರು, ಉಪ್ಪು ಒಂದು ಪದರು ತುಂಬಿದೆವು. ಮೇಲೆ ನೀರು ಹಾಕಲು ಒಂದು ಲಾಳಿಕೆ, ಸುತ್ತ ನಾಲ್ಕು ಇಟ್ಟಿಗೆ, ಮುಚ್ಚಲು ಒಂದು ಪರಸಿ ಕಲ್ಲು. ಪೈಪಿಗೆ ನಟ್ಟು ಬೋಲ್ಟು ಹಾಕಿ ಬಿಗಿದ 8 ನಂಬರಿನ ಜಿ.ಐ. ತಂತಿ ಮನೆಯ ಮುಖ್ಯ ಬೋರ್ಡಿಗೆ ಬಂತು.

ನಮ್ಮ ಎರೆ ಭೂಮಿಯ ಗುಣ ಇಲ್ಲಿ ತಿಳಿದಿರಬೇಕು. ಮಳೆಗಾಲದಲ್ಲಿ ಎರೆ ಮಣ್ಣು ತೇವ ಹಿಡಿದು ಪೈಪನ್ನು ಅಪ್ಪಿಕೊಳ್ಳುತ್ತದೆ, ಅರ್ಥಿಂಗ್ ಚೆನ್ನಾಗಿರುತ್ತದೆ. ಚೈತ್ರ ವೈಶಾಖದಲ್ಲಿ ಅದೇ ಮಣ್ಣು ಕಾಲು ಸಿಗುವಷ್ಟು ಬಿರುಕು ಬಿಟ್ಟು ಪೈಪಿನಿಂದ ಕಳಚಿಕೊಳ್ಳುತ್ತದೆ. ಆಗ ಅರ್ಥಿಂಗ್ ಹೆಸರಿಗೆ ಮಾತ್ರ. ಬೇಸಿಗೆಯಲ್ಲಿ ವಾರಕ್ಕೆ ಎರಡು ಮೂರು ಸಲ ಲಾಳಿಕೆಗೆ ಒಂದೊಂದು ಕೊಡ ನೀರು ಹಾಕಬೇಕು. ತಾಳಿಕೋಟಿ ಕಡೆ ಪರಸಿ ಬಂಡೆ ಮೇಲೆಯೇ ಸಿಗುವಲ್ಲಿ ಎಂಟಡಿ ತೋಡಲಾಗುವುದಿಲ್ಲ; ಅಲ್ಲಿ ಪೈಪಿನ ಬದಲು ಏನು ಮಾಡಬೇಕೆಂದು ವೈರ್‌ಮನ್‌ನನ್ನೇ ಕೇಳಿ ಮಾಡಿಸುವುದು ಒಳ್ಳೆಯದು.

ಫ್ಯೂಜು ಕಾಯುವುದು ತಂತಿಯನ್ನು, ನಮ್ಮನ್ನಲ್ಲ

ನಮ್ಮ ಕೊಟ್ಟಿಗೆಯಲ್ಲಿ ಎರಡು ದಿನ ಕರೆಂಟು ಸೋರಿದರೂ ಫ್ಯೂಜು ಯಾಕೆ ಹೋಗಲಿಲ್ಲ? ಯಾರೋ ಅದಕ್ಕೆ ದಪ್ಪ ತಾಮ್ರದ ಎಳೆ ಸುತ್ತಿದ್ದರು ಎಂಬುದು ಒಂದು ಕಾರಣ. ಆದರೆ ಸರಿಯಾದ ಫ್ಯೂಜು ಇದ್ದರೂ, ಹೊಸ ಎಂಸಿಬಿ ಇದ್ದರೂ ಅದು ಹೋಗುತ್ತಿರಲಿಲ್ಲ. ಇದು ಬಹಳ ಜನರಿಗೆ ತಿಳಿಯದ ಮಾತು, ಆದ್ದರಿಂದ ಲೆಕ್ಕ ಬಿಡಿಸಿ ಹೇಳುತ್ತೇನೆ.

ಬೇಸಿಗೆಯಲ್ಲಿ ಒಣಗಿದ ಅರ್ಥಿಂಗಿನ ತಡೆ 100 ಓಮ್ ಆಗಿದೆ ಎಂದಿಟ್ಟುಕೊಳ್ಳಿ. ಫೇಸ್ ತಂತಿ ಕಬ್ಬಿಣದ ಕಂಬಕ್ಕೆ ತಾಗಿದರೆ 230ನ್ನು 100ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 2.3 ಆಂಪಿಯರ್ ನೆಲಕ್ಕೆ ಹರಿಯುತ್ತದೆ. 6 ಆಂಪಿಯರಿನ ಎಂಸಿಬಿಗೆ ಅದು ನಾಲ್ಕು ಬಲ್ಬು ಉರಿದ ಹಾಗೆ. ಅದು ಸುಮ್ಮನೆ ಕೂತಿರುತ್ತದೆ. ಕಂಬವೋ 230 ವೋಲ್ಟಿನಲ್ಲೇ ನಿಂತಿರುತ್ತದೆ. ಒದ್ದೆ ಮೈಯ ಮನುಷ್ಯ ಮುಟ್ಟಿದರೆ, ಮೈಯ ತಡೆ 1000 ಓಮ್ ಎಂದು ಹಿಡಿದರೂ, ಕಾಲು ಆಂಪಿಯರಿಗೆ ಹತ್ತಿರದ ಕರೆಂಟು ಎದೆಯ ಮೂಲಕ ಹಾಯುತ್ತದೆ. ಜೀವ ಹೋಗಲು ಅದರ ಅರ್ಧವೂ ಸಾಕು.

ಇದಕ್ಕೆ ಇರುವ ಉಪಾಯವೇ ಆರ್‌ಸಿಸಿಬಿ. ಅಂಗಡಿಗಳಲ್ಲಿ ಇದನ್ನೇ ಇಎಲ್‌ಸಿಬಿ ಎಂದೂ ಕರೆಯುತ್ತಾರೆ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಅಷ್ಟೇ ಮರಳಿತೋ ಇಲ್ಲವೋ ಎಂದು ಇದು ತೂಗಿ ನೋಡುತ್ತದೆ. 30 ಮಿಲಿ ಆಂಪಿಯರಿನಷ್ಟು, ಅಂದರೆ ಒಂದು ಆಂಪಿಯರಿನ ನೂರರಲ್ಲಿ ಮೂರು ಪಾಲು ಕಡಿಮೆ ಬಂದರೂ ಕಣ್ಣು ಮಿಟುಕಿಸುವುದರೊಳಗೆ ಮನೆಯ ಕರೆಂಟನ್ನು ಕಡಿಯುತ್ತದೆ. ಮೇಲಿನ 2.3 ಆಂಪಿಯರ್ ಇದರ ಕಣ್ಣಿಗೆ ಆನೆಯಷ್ಟು ದೊಡ್ಡದು. ಹೀಗಾಗಿ ನಮ್ಮ ಎರೆ ನೆಲದ ಬೇಸಿಗೆಯ ಬಡ ಅರ್ಥಿಂಗೂ ಆರ್‌ಸಿಸಿಬಿ ಜೊತೆಗಿದ್ದರೆ ಕೆಲಸಕ್ಕೆ ಬರುತ್ತದೆ. ಇದರ ಬೆಲೆ ಒಂದು ಕ್ವಿಂಟಲ್ ತೊಗರಿಯ ಬೆಲೆಯ ಅರ್ಧಕ್ಕಿಂತ ಕಡಿಮೆ. ಕೊಳ್ಳುವಾಗ ಎರಡು ಪೋಲಿನದು, 30 ಮಿಲಿ ಆಂಪಿಯರಿನದು, ಐಎಸ್‌ಐ ಗುರುತಿನದು ಎಂದು ಕೇಳಿ ಪಡೆಯಬೇಕು. 100, 300 ಮಿಲಿ ಆಂಪಿಯರಿನವೂ ಇರುತ್ತವೆ, ಅವು ಮನುಷ್ಯರನ್ನು ಕಾಯುವಂಥವಲ್ಲ. ಅದರ ಮೈಮೇಲೆ ಒಂದು ಸಣ್ಣ ಟೆಸ್ಟ್ ಗುಂಡಿ ಇರುತ್ತದೆ. ಅಮವಾಸ್ಯೆಗೊಮ್ಮೆ ಒತ್ತಿ ನೋಡುತ್ತೇವೆ. ಕರೆಂಟು ಕಡಿಯದಿದ್ದರೆ ಅದು ಕೆಟ್ಟಿದೆ ಎಂದೇ ಅರ್ಥ.

ಇದಕ್ಕೂ ಒಂದು ಮಿತಿ ಇದೆ. ಒಂದು ಕೈಯಲ್ಲಿ ಫೇಸು, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದವನನ್ನು ಆರ್‌ಸಿಸಿಬಿ ಕಾಯಲಾರದು. ಎಂಸಿಬಿಯೂ ಬೇಕೇ ಬೇಕು, ತಂತಿ ಸುಡದಂತೆ ಕಾಯಲು.

ಮಣ್ಣಿನ ಗೋಡೆ, ಮಾಳಿಗೆಯ ಸೂರು

ಪಟ್ಟಣದವರ ಹಾಗೆ ಗೋಡೆ ಕೊರೆದು ಕೊಳವೆ ಹೂಳುವುದು ನಮ್ಮ ಮನೆಗಳಿಗೆ ಒಗ್ಗದು. ಮಣ್ಣಿನ ಗೋಡೆಗೆ ಉಳಿ ಹಚ್ಚಿದರೆ ಒಂದು ಇಂಚು ಬೇಕಾದಲ್ಲಿ ಅರ್ಧ ಅಡಿ ಕಿತ್ತು ಬರುತ್ತದೆ. ಗೋಡೆಯ ಮೇಲೆಯೇ ಪಿವಿಸಿ ಕೊಳವೆ ಓಡಿಸುವುದು ಅಗ್ಗ, ಮುಂದೆ ದುರಸ್ತಿಗೂ ಸುಲಭ. ಚೆಂದ ಸ್ವಲ್ಪ ಕಡಿಮೆ, ಅಷ್ಟೇ.

ಮಣ್ಣಿನಲ್ಲಿ ಸ್ಕ್ರೂ ನಿಲ್ಲುವುದಿಲ್ಲ. ಅದಕ್ಕೆ ಹಳಬರ ವಿಧಾನವೇ ಸರಿ. ಚೆನ್ನಾಗಿ ಒಣಗಿದ ಬೇವಿನ ಇಲ್ಲವೆ ಸಾಗುವಾನಿಯ ಗೂಟಗಳನ್ನು ಒಂದು ತುದಿ ಅಗಲ, ಒಂದು ತುದಿ ಕಿರಿದಾಗಿ ಕೆತ್ತಿಸಿ, ಅಗಲ ತುದಿ ಒಳಗೆ ಹೋಗುವಂತೆ ಸಿಮೆಂಟಿನಲ್ಲಿ ಕೂಡ್ರಿಸಿದೆವು. ಸಿಮೆಂಟು ಗಟ್ಟಿಯಾದ ಮೇಲೆ ಗೂಟ ಕಿತ್ತು ಬರುವ ಮಾತೇ ಇಲ್ಲ. ಹಳೆಯ ಬ್ಯಾಟನ್ ಪಟ್ಟಿಯ ಗೂಟಗಳು ಗಟ್ಟಿಯಿದ್ದಲ್ಲಿ ಅವನ್ನೇ ಬಳಸಿದೆವು. ಒರಲಿ ಹಿಡಿದದ್ದನ್ನು ತೆಗೆದೆವು. ತೊಲೆಯ ಮಗ್ಗುಲಿಗೆ ನೇರವಾಗಿಯೇ ಸ್ಯಾಡಲ್ ಹಚ್ಚಬಹುದು. ಎರಡಡಿಗೊಂದು ಸ್ಯಾಡಲ್ ಬೇಕು, ಇಲ್ಲದಿದ್ದರೆ ಕೊಳವೆ ಜೋಲುತ್ತದೆ.

ಮಾಳಿಗೆ ಮನೆಯ ಶತ್ರು ಸೂರುವ ನೀರು. ಎಲ್ಲೆಲ್ಲಿ ಸೂರುತ್ತದೆ ಎಂಬುದು ಮನೆಯ ಹೆಣ್ಣುಮಕ್ಕಳಿಗೆ ಗೊತ್ತಿರುತ್ತದೆ, ಯಾಕೆಂದರೆ ಅಲ್ಲಿ ಪಾತ್ರೆ ಇಡುವವರು ಅವರೇ. ಗೆರೆ ಎಳೆಯುವ ದಿನ ಅವ್ವನನ್ನು ವೈರ್‌ಮನ್ ಜೊತೆ ನಿಲ್ಲಿಸಿದೆವು. ಅವಳು ತೋರಿಸಿದ ನಾಲ್ಕು ಜಾಗಗಳನ್ನು ಬಿಟ್ಟು ಕೊಳವೆ ಓಡಿತು. ಮಾಳಿಗೆಯ ಮಣ್ಣಿನೊಳಗೆ, ಜಂತೆಯ ಮೇಲೆ ತಂತಿ ಹಾಸುವುದು ಬೇಡ. ಒಲೆಯ ಹತ್ತಿರ ಬೋರ್ಡೂ ಬೇಡ. ಕಾವಿಗೆ ಪ್ಲಾಸ್ಟಿಕ್ಕು ಬಾಗುತ್ತದೆ, ಮಸಿ ಒಳಗೆ ಕೂಡುತ್ತದೆ.

ತಂತಿಯಲ್ಲಿ ಉಳಿತಾಯ ಮಾಡಬಾರದು. ದೀಪ, ಫ್ಯಾನಿಗೆ ಒಂದೂವರೆ ಚದರ ಮಿ.ಮೀ. ತಾಮ್ರದ ತಂತಿ, ಮೇಲೆ 6 ಆಂಪಿಯರಿನ ಎಂಸಿಬಿ. ಇಂಥ ಒಂದು ಸರ್ಕಿಟ್ಟಿಗೆ ಹತ್ತು ಪಾಯಿಂಟಿಗಿಂತ ಹೆಚ್ಚು ಬೇಡ. ರಾಡು, ಇಸ್ತ್ರಿಗೆ ಎರಡೂವರೆ ಚದರ ಮಿ.ಮೀ. ತಂತಿ, 16 ಆಂಪಿಯರಿನ ದೊಡ್ಡ ಪ್ಲಗ್ಗು. ಮೀಟರಿನಿಂದ ಮುಖ್ಯ ಬೋರ್ಡಿಗೆ ನಾಲ್ಕು ಚದರ ಮಿ.ಮೀ. ಎಲ್ಲ ಪ್ಲಗ್ಗಿಗೂ ಹಸಿರು ತಂತಿ, ಅಂದರೆ ಅರ್ಥಿಂಗ್, ಹೋಗಲೇಬೇಕು. ಕೆಂಪು ಫೇಸು, ಕಪ್ಪು ನ್ಯೂಟ್ರಲ್. ಕೆಂಪು ತಂತಿ ಮುಗಿಯಿತೆಂದು ಹಸಿರಿನಲ್ಲಿ ಫೇಸು ಎಳೆದರೆ ಹತ್ತು ವರ್ಷದ ಮೇಲೆ ಬರುವ ಇನ್ನೊಬ್ಬ ವೈರ್‌ಮನ್ ಪ್ರಾಣ ಕಳೆದುಕೊಳ್ಳುತ್ತಾನೆ. ಸುರುಳಿ 90 ಮೀಟರಿನದು. ನಮಗೆ ಪೂರ್ತಿ ಸುರುಳಿ ಬೇಡವಾದ ಬಣ್ಣವನ್ನು ಮನೆ ಕಟ್ಟುತ್ತಿದ್ದ ನೆಂಟರೊಂದಿಗೆ ಹಂಚಿಕೊಂಡೆವು. ಕೊಳವೆಯೊಳಗೆ ಅರ್ಧಕ್ಕಿಂತ ಹೆಚ್ಚು ಜಾಗ ತುಂಬಬಾರದು, ಒಳಗೆ ಎಲ್ಲೂ ಗಂಟು ಇರಬಾರದು; ಜೋಡಣೆ ಏನಿದ್ದರೂ ತೆರೆದು ನೋಡಬಹುದಾದ ಪೆಟ್ಟಿಗೆಯಲ್ಲಿ.

ಹಳೆಯದನ್ನು ಕಳಚುವಾಗ ಮೇನ್ ಸ್ವಿಚ್ ತೆಗೆದು, ಫ್ಯೂಜಿನ ಹಿಡಿಯನ್ನು ಕಿತ್ತು ನನ್ನ ಅಂಗಿಯ ಜೇಬಿನಲ್ಲೇ ಇಟ್ಟುಕೊಳ್ಳುತ್ತಿದ್ದೆ. ಊರಲ್ಲಿ ಕರೆಂಟು ಹೋಗಿದೆ ಎಂದು ತಂತಿಗೆ ಕೈ ಹಾಕುವುದು ಹುಚ್ಚುತನ, ಅದು ಯಾವ ಗಳಿಗೆಗೆ ಬರುತ್ತದೋ. ಮೇನ್ ತೆಗೆದರೂ ಅದರ ಮೇಲ್ತುದಿಯಲ್ಲಿ ಕರೆಂಟು ಇದ್ದೇ ಇರುತ್ತದೆ, ಆ ಕಡೆ ನಾವು ಹೋಗಲಿಲ್ಲ. ಕಳಚುವಾಗ ಒಂದು ವಿಷಯ ಬೆಳಕಿಗೆ ಬಂತು: ದೇವರ ಕೋಣೆಯ ಸ್ವಿಚ್ಚನ್ನು ಯಾರೋ ನ್ಯೂಟ್ರಲ್‌ಗೆ ಹಾಕಿದ್ದರು. ಸ್ವಿಚ್ಚು ತೆಗೆದರೆ ಬಲ್ಬು ಆರುತ್ತಿತ್ತು, ಆದರೆ ಬುರುಡೆಯಲ್ಲಿ ಫೇಸು ಜೀವಂತ. ಇಷ್ಟು ವರ್ಷ ಅಲ್ಲಿ ಬಲ್ಬು ಬದಲಿಸಿದವರೆಲ್ಲ ಬದುಕಿದ್ದು ಪುಣ್ಯ.

ದುಬಾರಿಯಾಗುವ ಉಳಿತಾಯಗಳು

ನಮ್ಮ ಕಡೆ ಮೂರು ರೂಢಿಗಳಿವೆ, ಮೂರೂ ಕೆಟ್ಟವು. ಒಂದು, ನ್ಯೂಟ್ರಲ್ ತಂತಿಯನ್ನೇ ಪ್ಲಗ್ಗಿನ ಅರ್ಥಿಂಗ್ ರಂಧ್ರಕ್ಕೂ ಕಟ್ಟುವುದು. ಕಂಬದ ಮೇಲೆ ನ್ಯೂಟ್ರಲ್ ಹರಿದ ದಿನ ಫ್ರಿಜ್ಜಿನ ಬಾಗಿಲಿಗೇ 230 ವೋಲ್ಟು ಬರುತ್ತದೆ. ಎರಡು, ಒಂದೇ ಫೇಸ್ ತಂತಿ ತಂದು ನೆಲಕ್ಕೆ ಸಲಾಕೆ ಹೊಡೆದು ಬಲ್ಬು ಉರಿಸುವುದು. ಹೊಲದ ಮನೆಗಳಲ್ಲಿ ಇದು ಸಾಮಾನ್ಯ. ಆ ಸಲಾಕೆಯ ಹತ್ತಿರ ಬರಿಗಾಲಲ್ಲಿ ಹೋದವರಿಗೂ, ಮೇಯುವ ದನಕ್ಕೂ ಅದು ಕೊಲೆಗಡುಕ. ಮೂರು, ಸರ್ವಿಸ್ ತಂತಿಗೆ ಆಸರೆಯಾಗಿ ಎಳೆದ ಜಿ.ಐ. ತಂತಿಗೆ ಬಟ್ಟೆ ಒಣಹಾಕುವ ತಂತಿಯನ್ನು ಸಿಗಿಸುವುದು. ಮೈ ಸವೆದ ಸರ್ವಿಸ್ ತಂತಿ, ಮಳೆ, ಒದ್ದೆ ಸೀರೆ ಮೂರೂ ಕೂಡಿದರೆ ಏನಾಗುತ್ತದೆಂದು ಹೇಳಬೇಕಿಲ್ಲ. ಬಟ್ಟೆಗೆ ನೂಲಿನ ಇಲ್ಲವೆ ಪ್ಲಾಸ್ಟಿಕ್ಕಿನ ಹಗ್ಗ ಸಾಕು.

ಕೈಯಲ್ಲಿದ್ದ ಹಣಕ್ಕೆ ನಾವು ಕೆಲಸವನ್ನು ಎರಡು ಭಾಗ ಮಾಡಿದೆವು. ಶ್ರಾವಣದೊಳಗೆ ಅರ್ಥಿಂಗ್, ಆರ್‌ಸಿಸಿಬಿ ಇರುವ ಮುಖ್ಯ ಬೋರ್ಡು, ಬಚ್ಚಲು, ಅಡಿಗೆಮನೆ, ಕೊಟ್ಟಿಗೆ. ಅಂದರೆ ನೀರೂ ಕರೆಂಟೂ ಕೂಡುವ ಜಾಗಗಳು. ಪಡಸಾಲೆ, ಮಲಗುವ ಕೋಣೆಗಳನ್ನು ತೊಗರಿ ಮಾರಿದ ಮೇಲೆ. ಅಲ್ಲಿಯವರೆಗೆ ಆ ಕೋಣೆಗಳ ಹಳೆಯ ತಂತಿಗೆ ದೀಪ ಮಾತ್ರ ಹಚ್ಚಿದೆವು, ಪ್ಲಗ್ಗುಗಳನ್ನೆಲ್ಲ ಕಳಚಿಸಿದೆವು. ಹಳೆಯ ತಂತಿ ಎಲ್ಲೋ ಸೋರುತ್ತಿದ್ದುದರಿಂದ ಮೊದಲ ಮೂರು ದಿನ ಆರ್‌ಸಿಸಿಬಿ ನಿಲ್ಲಲೇ ಇಲ್ಲ. “ಇದನ್ನ ತಗದ ಒಗೀರಿ, ಬರೇ ಕಾಟ” ಎಂದು ತಮ್ಮ ಸಿಟ್ಟಾದ. ವೈರ್‌ಮನ್ ಮೆಗ್ಗರ್ ತಂದು ಒಂದೊಂದೇ ಕೋಣೆ ಬಿಡಿಸಿ ನೋಡಿದ. ಹೊಸ ವೈರಿಂಗ್ ಕನಿಷ್ಠ 1 ಮೆಗಾಓಮ್ ತೋರಿಸಬೇಕು. ನಮ್ಮ ಹೊಸದು ಅದಕ್ಕಿಂತ ಎಷ್ಟೋ ಮೇಲಿತ್ತು. ತಕರಾರು ಮಾಡುತ್ತಿದ್ದದ್ದು ಪಡಸಾಲೆಯ ಬಾಗಿಲ ಮೇಲಿನ ಹಳೆಯ ಜೋಡಣೆ, ಅಲ್ಲಿ ಇಲಿ ತಂತಿ ಕಡಿದಿತ್ತು. ಅದನ್ನು ಬಿಡಿಸಿದ ಮೇಲೆ ಆರ್‌ಸಿಸಿಬಿ ನಿಂತಿತು.

ತೊಗರಿ ಮಾರಿ ಉಳಿದ ಕೋಣೆಗಳನ್ನೂ ಮುಗಿಸಿದೆವು. ಕಳಚಿದ ತಂತಿಯಲ್ಲಿ ಒಳ್ಳೆಯ ತಾಮ್ರ ಇತ್ತು. ರಬ್ಬರನ್ನು ಸುಡದೆ ಚಾಕುವಿನಿಂದ ಸುಲಿದು ಗುಜರಿಗೆ ಹಾಕಿದಾಗ ಬಂದ ಹಣದಲ್ಲಿ ಕೊಟ್ಟಿಗೆಗೆ ನೀರು ಹೋಗದ ಮುಚ್ಚಳವಿರುವ ಬಲ್ಬು ತಂದೆವು. ಎಮ್ಮೆ ಮಾತ್ರ ಆ ಕಬ್ಬಿಣದ ದೋಣಿಗೆ ಮತ್ತೆ ಮೂತಿ ಹಚ್ಚಲಿಲ್ಲ. ಎಷ್ಟು ತಿಂಗಳಾದರೂ ಅದರ ಮುಂದೆ ನಿಂತು ನಮ್ಮನ್ನೇ ನೋಡುತ್ತಿತ್ತು. ಹಿತ್ತಲಲ್ಲಿ ಮಗುಚಿ ಬಿದ್ದಿದ್ದ ಅಜ್ಜನ ಕಾಲದ ಕಲ್ಲಿನ ದೋಣಿಯನ್ನು ನಾಲ್ಕು ಜನ ಸೇರಿ ಉರುಳಿಸಿ ತಂದು ಕೊಟ್ಟಿಗೆಯಲ್ಲಿ ಇಟ್ಟ ಮೇಲೆಯೇ ಅದು ಒಳಗೆ ನೀರು ಕುಡಿಯಿತು.